ಕಣದಲ್ಲಿ ಕಳೆದ ಕಾಸು, ತಿಪ್ಪೆಯಲ್ಲಿ ಉಳಿದ ಬಾಟಲಿ: ಮೆಟಲ್ ಡಿಟೆಕ್ಟರ್ ಹವ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

ಜಗಳೂರು ಕಡೆ ನಮ್ಮ ನೆಂಟರ ಹೊಲದಲ್ಲಿ ಒಂದು ಹಳೇ ಕಣ ಇದೆ. ಈಗ ಅಲ್ಲಿ ಒಕ್ಕಣೆ ಇಲ್ಲ, ಮೆಷಿನ್ ಹೊಲಕ್ಕೇ ಬರುತ್ತದೆ. ಆ ಕಣದ ಅಂಚಿನಲ್ಲಿ, ಹುಣಸೆ ಮರದಿಂದ ನಾಲ್ಕು ಮಾರು ದೂರದಲ್ಲಿ, ನನ್ನ ಡಿಟೆಕ್ಟರ್ ಮೊದಲ ಸಲ ಗಟ್ಟಿಯಾಗಿ ಕೂಗಿತು. ಅರ್ಧ ಗೇಣು ಅಗೆದರೆ ಹಿತ್ತಾಳೆಯ ಎತ್ತಿನ ಗಂಟೆ. ನಾಲಗೆ ಉದುರಿಹೋಗಿತ್ತು. ಒಳಗೆ ಕೆಂಪು ಮಣ್ಣು ಇಟ್ಟಿಗೆ ಥರ ಗಟ್ಟಿಯಾಗಿ ಕೂತಿತ್ತು. ನಾಲಗೆ ಬಡಿದು ಬಡಿದು ಬಾಯಿಯ ಒಳ ಅಂಚು ಎರಡು ಕಡೆ ತೆಳ್ಳಗಾಗಿತ್ತು. ಅದನ್ನು ಹೊಲದ ಯಜಮಾನರ ಅಂಗೈಗೆ ಇಟ್ಟೆ. ಎಪ್ಪತ್ತು ದಾಟಿದವರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡು ಎತ್ತಿನ ಹೆಸರು ಹೇಳಿ, "ಇದು ಬಲಗಡೆ ಹೂಡ್ತಿದ್ದ ಎತ್ತಿಂದು" ಅಂದರು. ಗಂಟೆ ಈಗ ಅವರ ಮನೆಯ ದೇವರ ಗೂಡಿನಲ್ಲಿದೆ.

ಈ ಹವ್ಯಾಸದಲ್ಲಿ ನನಗೆ ಬೇಕಾಗಿರುವುದು ಇಷ್ಟೇ. ನಮ್ಮ ಅಜ್ಜ, ಮುತ್ತಜ್ಜನ ಕಾಲದವರು ದಿನಾ ಮುಟ್ಟಿದ, ಬೀಳಿಸಿಕೊಂಡ, ಎಸೆದ ಸಣ್ಣಪುಟ್ಟ ವಸ್ತುಗಳನ್ನು ಹುಡುಕುವುದು. ಅದಕ್ಕಿಂತ ಹಳೆಯ ನೆಲವನ್ನು ಮುಟ್ಟದೆ ಬಿಡುವುದು. ಶುರುಮಾಡುವವರು ಈ ಎರಡನೇ ಮಾತನ್ನು ಮೊದಲು ಕಲಿಯಬೇಕು. ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಂತೂ ಇದು ತೀರಾ ಮುಖ್ಯ.

ಎಲ್ಲಿಗೆ ಹೋಗಬಾರದು

ಚಿತ್ರದುರ್ಗದ ಕೋಟೆ ಕೆಳಗಿನ ಚಂದ್ರವಳ್ಳಿಯನ್ನೇ ತೆಗೆದುಕೊಳ್ಳಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ಅವರಿಗೂ ಮುಂಚೆ ಮೈಸೂರಿನ ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆಸಿದ್ದರು. ಶಾತವಾಹನರ ಸೀಸದ ನಾಣ್ಯ ಸಿಕ್ಕ ನೆಲದಲ್ಲೇ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಆ ರೋಮನ್ ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕದಲ್ಲಿ ಇತ್ತು ಅನ್ನುವುದರಿಂದಲೇ ಆ ಪದರದ ಕಾಲ ಗೊತ್ತಾಗಿದ್ದು. ಯಾರೋ ಒಬ್ಬರು ರಾತ್ರಿ ಹೋಗಿ ಅದನ್ನು ಕಿತ್ತುಕೊಂಡು ಬಂದಿದ್ದರೆ? ಕೈಯಲ್ಲಿ ಒಂದು ನಾಣ್ಯ ಇರುತ್ತಿತ್ತು, ಊರಿನ ಚರಿತ್ರೆ ಹೋಗುತ್ತಿತ್ತು.

ನಮ್ಮ ಕಡೆ ನಿಧಿಗಳ್ಳರು ಮಾಡಿರುವ ಹಾಳು ನೀವೂ ನೋಡಿರುತ್ತೀರಿ. ಗುಡ್ಡದ ಮೇಲಿನ ಪಾಳುಗುಡಿಯಲ್ಲಿ ನಂದಿಯನ್ನು ಎಬ್ಬಿಸಿ ಪಕ್ಕಕ್ಕೆ ಉರುಳಿಸಿರುತ್ತಾರೆ. ಗರ್ಭಗುಡಿಯ ನಡುವೆ ಆಳುದ್ದ ಗುಂಡಿ, ಸುತ್ತ ನಿಂಬೆಹಣ್ಣು, ಕುಂಕುಮ. ವೀರಗಲ್ಲು ಎರಡು ತುಂಡು. ಡಿಟೆಕ್ಟರ್ ಹಿಡಿದ ಯಾರನ್ನು ಕಂಡರೂ ಊರವರು ಅನುಮಾನದಿಂದ ನೋಡುವುದು ಇದಕ್ಕೇ. ಅವರ ಅನುಮಾನದಲ್ಲಿ ತಪ್ಪಿಲ್ಲ.

ಹಾಗಾಗಿ ಈ ಜಾಗಗಳಿಗೆ ಯಂತ್ರ ತೆಗೆದುಕೊಂಡು ಹೋಗಲೇಬೇಡಿ. ಕೋಟೆ, ಬುರುಜು, ಕಂದಕದ ಆಸುಪಾಸು. ಗುಡಿ, ಮಠ, ದರ್ಗಾ, ಸ್ಮಶಾನ. ವೀರಗಲ್ಲು, ಮಾಸ್ತಿಕಲ್ಲು ನಿಂತ ಕಡೆ. ಹೊಲದ ನಡುವೆ ದೊಡ್ಡ ಕಲ್ಲುಗಳನ್ನು ವೃತ್ತವಾಗಿ ನೆಟ್ಟಿರುವ ಕಡೆ, ಅವು ಬಹುಪಾಲು ಸಾವಿರಾರು ವರ್ಷ ಹಳೆಯ ಸಮಾಧಿಗಳು. ಹಾಳೂರು ದಿಬ್ಬ, ಬೂದಿದಿಬ್ಬ, ಜನ ಬಿಟ್ಟುಹೋದ ಬೇಚರಾಕ್ ಗ್ರಾಮದ ನೆಲ. ಹರಿಹರದಲ್ಲಿ ಹರಿಹರೇಶ್ವರ ಗುಡಿಯ ಸುತ್ತ, ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಸುತ್ತ. ಕಾಡೂ ಬೇಡ: ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮಗಳು. ಸೂಳೆಕೆರೆ, ವಾಣಿವಿಲಾಸ ಸಾಗರದಂಥ ಕೆರೆ ಅಂಗಳ ಬೇಸಿಗೆಯಲ್ಲಿ ಒಣಗಿ ಆಸೆ ಹುಟ್ಟಿಸುತ್ತದೆ. ಅದು ಸರ್ಕಾರಿ ನೆಲ, ಬಿಡಿ.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯಲ್ಲಿ ಸ್ಮಾರಕಗಳ ಕಾಯ್ದೆಗೇ ಸೇರಿದ ಈ ಗೆರೆ ಮುಖ್ಯವಾಗಿ ಕಟ್ಟಡ ಕಟ್ಟುವವರಿಗೆ. ಆದರೂ ನಾನು ಒಟ್ಟು 300 ಮೀಟರನ್ನೇ ಗೆರೆ ಅಂದುಕೊಂಡಿದ್ದೇನೆ. ಅದರೊಳಗೆ ಖಾಸಗಿ ಹೊಲ ಇದ್ದರೂ ಹೋಗುವುದಿಲ್ಲ.

ಕಾನೂನು ಏನು ಹೇಳುತ್ತದೆ

ನಿಧಿಯ ಬಗ್ಗೆ ಬ್ರಿಟಿಷರ ಕಾಲದ 1878ರ ಕಾಯ್ದೆ ಇದೆ. ನಮ್ಮ ರಾಜ್ಯದ್ದೇ 1962ರ ಕಾಯ್ದೆಯೂ ಇದೆ. 1878ರ ಕಾಯ್ದೆಯಲ್ಲಿ ನಿಧಿ ಅಂದರೆ ಕೊಪ್ಪರಿಗೆ ತುಂಬ ಹೊನ್ನು ಅಂತಲ್ಲ. ಮಣ್ಣಿನಲ್ಲಿ ಅಡಗಿರುವ, ಬೆಲೆಯುಳ್ಳ ಯಾವುದೇ ವಸ್ತು ನಿಧಿಯೇ. ಅದರ ಬೆಲೆ 10 ರೂಪಾಯಿ ದಾಟಿದರೆ ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ತಮ್ಮ ಪಾಲು ಕಳೆದುಕೊಳ್ಳುತ್ತಾರೆ, ಒಂದು ವರ್ಷದವರೆಗೆ ಜೈಲೂ ಆಗಬಹುದು.

ಇನ್ನೊಂದು 1972ರ ಪುರಾತನ ವಸ್ತುಗಳ ಕಾಯ್ದೆ. ಅದರ ಪ್ರಕಾರ 100 ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದಾಚೆ ಕಳಿಸುವಂತಿಲ್ಲ. ಈ ಹವ್ಯಾಸದಿಂದ ದುಡ್ಡು ಮಾಡಬಹುದು ಅಂದುಕೊಂಡು ಬಂದವರು ಇಲ್ಲೇ ವಾಪಸ್ ಹೋಗುವುದು ಒಳ್ಳೆಯದು.

ನಾನು ಪಾಲಿಸುವ ಕ್ರಮ ಇದು. ಕಳೆದುಕೊಂಡವರು ಎದುರಿಗೇ ಇದ್ದರೆ, ಆ ಗಂಟೆಯ ಥರ, ಅದು ಅವರದು. ಒಂದಕ್ಕಿಂತ ಜಾಸ್ತಿ ನಾಣ್ಯ ಒಂದೇ ಕಡೆ ಸಿಕ್ಕರೆ, ಚಿನ್ನ ಬೆಳ್ಳಿ ಸಿಕ್ಕರೆ, ವಿಗ್ರಹ, ತಾಮ್ರಪಟ ಅಥವಾ ಅಕ್ಷರ ಇರುವ ಕಲ್ಲು ಕಂಡರೆ ಅಗೆಯುವುದು ಅಲ್ಲಿಗೇ ನಿಲ್ಲಬೇಕು. ಎತ್ತಬೇಡಿ, ತೊಳೆಯಬೇಡಿ. ಫೋಟೋ ತೆಗೆದು, ಹೊಲದ ಯಜಮಾನರನ್ನೂ ಕರೆದುಕೊಂಡು ತಹಶೀಲ್ದಾರ್ ಕಚೇರಿಗೆ ಹೋಗಿ ಜಿಲ್ಲಾಧಿಕಾರಿಯ ಹೆಸರಿಗೆ ಲಿಖಿತವಾಗಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳಿ. ಯಾವುದು ಏನು ಅಂತ ಗುರುತಿಸಲು ಕಣ್ಣು ಪಳಗಬೇಕಲ್ವಾ? ಅದಕ್ಕೆ ಚಿತ್ರದುರ್ಗದ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿಬನ್ನಿ. ಹಳೆಯ ಮಡಕೆ, ನಾಣ್ಯ, ಆಯುಧ ಹೇಗಿರುತ್ತವೆ ಅಂತ ಗಾಜಿನಾಚೆ ನೋಡಿ ಕಲಿತರೆ ಹೊಲದಲ್ಲಿ ಕೈ ತಾನೇ ನಿಲ್ಲುತ್ತದೆ.

ಒಳ್ಳೆಯ ಜಾಗ, ಒಳ್ಳೆಯ ಒಪ್ಪಿಗೆ

ಜನ ಎಲ್ಲಿ ಕೂತು ಎದ್ದಿದ್ದಾರೋ ಅಲ್ಲಿ ವಸ್ತು ಬಿದ್ದಿರುತ್ತದೆ. ಅಷ್ಟೇ ಲೆಕ್ಕ. ಕಣದಲ್ಲಿ ಸುಗ್ಗಿಕಾಲಕ್ಕೆ ತಿಂಗಳುಗಟ್ಟಲೆ ಜನ ಮಲಗುತ್ತಿದ್ದರು. ಬಗ್ಗಿ ಎದ್ದು ಕೆಲಸ ಮಾಡುವಾಗ ಸೊಂಟದ ಎಲೆ ಅಡಿಕೆ ಚೀಲದಿಂದ ಕಾಸು ಜಾರುತ್ತಿತ್ತು. ಹೊಲದ ಬದುವಿನ ಬೇವಿನ ಮರ, ಹುಣಸೆ ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಹಳೇ ಬಾವಿಗೆ ಹೋಗುವ ಕಾಲುದಾರಿ, ಎತ್ತು ಹೂಡಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಇಳಿಜಾರು, ಗಾಡಿ ಬಿಡುತ್ತಿದ್ದ ಜಾಗ. ಇವನ್ನೆಲ್ಲ ಮನೆಯ ಹಿರಿಯರು ಕೂತಲ್ಲೇ ತೋರಿಸುತ್ತಾರೆ. ಒಂದು ಗಂಟೆ ಅವರ ಜೊತೆ ಮಾತಾಡಿದರೆ ಹತ್ತು ದಿನದ ಸುಮ್ನೆ ಸುತ್ತಾಟ ಉಳಿಯುತ್ತದೆ.

ಒಪ್ಪಿಗೆ ಕೇಳುವ ಮೊದಲು ಜಮೀನು ಯಾರದು ಅಂತ ಪಹಣಿ ನೋಡಿ. ಉಳುಮೆ ಮಾಡುವವರು ಬೇರೆ, ಪಹಣಿಯಲ್ಲಿ ಹೆಸರಿರುವವರು ಬೇರೆ ಇರುತ್ತಾರೆ. ಅಣ್ಣತಮ್ಮಂದಿರ ಭಾಗ ಆಗದ ಹೊಲವಾದರೆ ಎಲ್ಲರಿಗೂ ತಿಳಿಸಿ. ಒಂದು ಬಿಳಿ ಹಾಳೆಯಲ್ಲಿ ಸರ್ವೆ ನಂಬರ್, ದಿನಾಂಕ, ಸಿಕ್ಕಿದ್ದು ಯಾರಿಗೆ ಸೇರಬೇಕು ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ನಾನು ಒಂದೇ ಮಾತು ಬರೆಯುತ್ತೇನೆ: ಸಿಕ್ಕಿದ್ದೆಲ್ಲ ಹೊಲದವರಿಗೆ ತೋರಿಸುತ್ತೇನೆ, ಅವರು ಬೇಡ ಅಂದಿದ್ದು ಮಾತ್ರ ನನಗೆ.

ಇನ್ನು ಕೆಲವು ರೂಢಿಗಳು. ಹಗಲಲ್ಲೇ ಹೋಗಿ. ಹೊಲದವರಲ್ಲಿ ಒಬ್ಬರಾದರೂ ಜೊತೆಗಿರಲಿ. ಅಮಾವಾಸ್ಯೆ ಹುಣ್ಣಿಮೆ ದಿನ ಹೋಗಬೇಡಿ, ಆ ದಿನ ಡಿಟೆಕ್ಟರ್ ಕಂಡರೆ ಊರವರಿಗೆ ಬೇರೆ ಅರ್ಥವೇ ಬರುತ್ತದೆ. ಮಕ್ಕಳು ಬಂದು ನಿಂತರೆ ಓಡಿಸಬೇಡಿ. ಹೆಡ್‌ಫೋನ್ ಕಿವಿಗೆ ಹಾಕಿ ಕೇಳಿಸಿ. ಸಂಜೆಯೊಳಗೆ ಇಡೀ ಊರಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ಗೊತ್ತಾಗಿರುತ್ತದೆ, ಅದೇ ನಿಮಗೆ ರಕ್ಷಣೆ.

ಕಾಲ ಯಾವುದು? ಚಳ್ಳಕೆರೆ, ಹಿರಿಯೂರು, ಜಗಳೂರಿನ ಮಸಾರಿ ನೆಲದಲ್ಲಿ ಶೇಂಗಾ ಕಿತ್ತ ಮೇಲೆ ಮಣ್ಣು ಸಡಿಲವಾಗಿರುತ್ತದೆ. ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎರೆ ನೆಲದಲ್ಲಿ ಮೊದಲ ಮಳೆ ಬಿದ್ದು, ರಂಟೆ ಹೊಡೆದು, ಬಿತ್ತುವ ಮುಂಚೆ ಸಿಗುವ ಕೆಲವೇ ದಿನ. ಮಳೆ ಜಾಸ್ತಿಯಾದರೆ ಎರೆಮಣ್ಣು ಕಾಲಿಗೆ, ಡಿಟೆಕ್ಟರ್‌ನ ಕೆಳತುದಿಯ ಕಾಯಿಲ್‌ಗೆ ಮೆತ್ತುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಆ ಬಿರುಕಿನಲ್ಲಿ ನಾಣ್ಯ ಕೆಳಗೆ ಜಾರಿಬಿಡುತ್ತದೆ, ಆದ್ದರಿಂದ ಎರೆಯಲ್ಲಿ ಆಳ ನೋಡಿ ವಸ್ತುವಿನ ವಯಸ್ಸು ಹೇಳಲಾಗದು. ಬೆಳೆ ನಿಂತ ಹೊಲಕ್ಕೆ ಕಾಲಿಡಬೇಡಿ. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಡ್ರಿಪ್ ಪೈಪು, ಬೋರ್‌ವೆಲ್ ಕೇಬಲ್ ಎಲ್ಲಿ ಹೋಗಿವೆ ಅಂತ ಕೇಳದೆ ಸಲಿಕೆ ಹಾಕಬೇಡಿ.

ಯಂತ್ರ ಕೊಳ್ಳುವುದು

ಕೆಳಗಿರುವ ಕಾಯಿಲ್‌ನಲ್ಲಿ ಎರಡು ಸುರುಳಿ ಇರುತ್ತವೆ. ಒಂದರಲ್ಲಿ ಹರಿಯುವ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ನೆಲದೊಳಗೆ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಅಲ್ಲಿ ಲೋಹ ಇದ್ದರೆ ಅದರಲ್ಲೂ ಸಣ್ಣ ಸುಳಿಕರೆಂಟ್ ಹುಟ್ಟಿ, ತನ್ನದೇ ಕಾಂತಕ್ಷೇತ್ರ ವಾಪಸ್ ಕಳಿಸುತ್ತದೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ. ಈ ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದು ಲೋಹದಿಂದ ಲೋಹಕ್ಕೆ ಬೇರೆ. ಪರದೆ ಮೇಲೆ ಕಾಣುವ ಸಂಖ್ಯೆ ಅದೇ.

ಹೊಸಬರಿಗೆ ವಿಎಲ್‌ಎಫ್ ಅನ್ನುವ, ಕಡಿಮೆ ಆವರ್ತನದ ಬಗೆಯ ಯಂತ್ರ ಸಾಕು. ಗ್ಯಾರೆಟ್ ಏಸ್, ಮೈನ್‌ಲ್ಯಾಬ್ ವ್ಯಾಂಕ್ವಿಶ್, ನೋಕ್ಟಾ ಸಿಂಪ್ಲೆಕ್ಸ್ ಸಾಲಿನವು ಕಲಿಯುವವರಿಗೆಂದೇ ಇರುವಂಥವು. ತೂಕ ಒಂದೂಕಾಲು ಕೆಜಿ ಆಸುಪಾಸು. ನಾಣ್ಯದ ಗಾತ್ರದ ವಸ್ತುವನ್ನು ಸುಮಾರು 15ರಿಂದ 20 ಸೆಂಟಿಮೀಟರ್ ಆಳದವರೆಗೆ ಹಿಡಿಯುತ್ತವೆ, ಅಂದರೆ ಒಂದು ಗೇಣು. ನಮ್ಮ ನೆಲಕ್ಕೆ ಒಂದು ಗುಣ ಇರಲೇಬೇಕು: ಗ್ರೌಂಡ್ ಬ್ಯಾಲೆನ್ಸ್. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಮಣ್ಣಿನಲ್ಲೇ ಕಬ್ಬಿಣದ ಅಂಶ ಜಾಸ್ತಿ. ಯಂತ್ರಕ್ಕೆ ಈ ಮಣ್ಣು ಮಾಮೂಲಿ ಅಂತ ಹೇಳಿಕೊಡದಿದ್ದರೆ ಹೆಜ್ಜೆಹೆಜ್ಜೆಗೂ ಸುಳ್ಳು ಕೂಗು. ಕಾಯಿಲ್‌ನಲ್ಲಿ ಡಿಡಿ ಅನ್ನುವ, ಎರಡು ಸುರುಳಿಯೂ ಇಂಗ್ಲಿಷ್ D ಆಕಾರದಲ್ಲಿರುವ ಬಗೆ ಇಂಥ ಮಣ್ಣಿಗೆ ಒಳ್ಳೆಯದು.

ಅರ್ಧ ಕಿಲೋಮೀಟರ್ ದೂರದ ಚಿನ್ನವನ್ನು ಆಂಟೆನಾದಿಂದ ತೋರಿಸುತ್ತದೆ ಅಂತ ಮಾರುವ ಯಂತ್ರಗಳಿವೆ. ಅವು ಕೆಲಸ ಮಾಡುವುದಿಲ್ಲ. ಕೊಳ್ಳಬೇಡಿ. ಸಿಕ್ಕ ತಾಮ್ರದ ಚೊಂಬನ್ನು ಅಕ್ಕಿ ಎಳೆಯುವ ಪಾತ್ರೆ ಅಂತ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತೇವೆ ಅನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಮನೆ ಮಠ ಮಾರಿಕೊಂಡವರಿದ್ದಾರೆ.

ಉಳಿದ ಸಾಮಾನು ಪೇಟೆಯಲ್ಲೇ ಸಿಗುತ್ತವೆ. ಗಟ್ಟಿ ಕೈಗುದ್ದಲಿ, ಅಗಲ ಬಾಯಿಯ ಕೈಸಲಿಕೆ, ತೋಟದ ಕೆಲಸದ ದಪ್ಪ ಕೈಗವಸು, ಗಟ್ಟಿ ಬೂಟು, ಒಂದು ಗೋಣಿಚೀಲ, ಕಸಕ್ಕೆ ಬೇರೆ ಚೀಲ, ನೀರು. ಪಿನ್‌ಪಾಯಿಂಟರ್ ಅಂತ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಇದೆ. ದುಡ್ಡಿದ್ದರೆ ತೆಗೆದುಕೊಳ್ಳಿ, ಗುಂಡಿ ಸಣ್ಣದಾಗುತ್ತದೆ.

ಹಿತ್ತಲಲ್ಲಿ ಹದಿನೈದು ದಿನ

ಯಂತ್ರ ಬಂದ ದಿನವೇ ಹೊಲಕ್ಕೆ ಓಡಬೇಡಿ. ಮನೆಯ ಹಿತ್ತಲಲ್ಲಿ ಎರಡು ಅಡಿಗೆ ಒಂದರಂತೆ ವಸ್ತುಗಳನ್ನು ಹೂಳಿ, ಕಡ್ಡಿ ಚುಚ್ಚಿ ಗುರುತು ಮಾಡಿ. 5, 10, 15 ಸೆಂಟಿಮೀಟರ್ ಆಳ ಬೇರೆಬೇರೆ ಇರಲಿ. ಏನೇನು ಹೂಳಬೇಕು? ಒಂದು ರೂಪಾಯಿ, ಹಳೇ ಅಲ್ಯೂಮಿನಿಯಂ ಪೈಸೆ, ಹಿತ್ತಾಳೆ ತುಂಡು, ತುಕ್ಕು ಮೊಳೆ, ಸೋಡಾ ಮುಚ್ಚಳ, ಮಾತ್ರೆ ಹಾಳೆ, ಸಾಧ್ಯವಾದರೆ ಒಂದು ಬೆಳ್ಳಿ ಕಾಲುಂಗುರ. ಪ್ರತಿಯೊಂದರ ಮೇಲೂ ಇಪ್ಪತ್ತು ಸಲ ಆಡಿಸಿ, ಸಂಖ್ಯೆ ಮತ್ತು ದನಿಯನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಹೊರದೇಶದ ವಿಡಿಯೋಗಳಲ್ಲಿ ಯಾರೂ ಹೇಳದ ಒಂದು ವಿಷಯ ಇಲ್ಲಿ ತಿಳಿಯುತ್ತದೆ. ಅವರು ಕಬ್ಬಿಣ ಬೇಡ ಅಂತ, ಬೇಡದ ಲೋಹಕ್ಕೆ ಯಂತ್ರ ಕೂಗದಂತೆ ಮಾಡುವ ಡಿಸ್ಕ್ರಿಮಿನೇಶನ್ ಹಾಕಿಕೊಂಡು ಹೋಗುತ್ತಾರೆ. ನಮ್ಮ 1988ರ ನಂತರದ 10, 25, 50 ಪೈಸೆಗಳು, 1992ರ ನಂತರದ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನವು. ಯಂತ್ರ ಅವನ್ನು ಕಬ್ಬಿಣದ ಗುಂಪಿಗೆ ತಳ್ಳುತ್ತದೆ, ಇಲ್ಲವೇ ಸಂಖ್ಯೆ ಒಂದೇ ಕಡೆ ನಿಲ್ಲದೆ ಕುಣಿಯುತ್ತದೆ. ಆದ್ದರಿಂದ ಮೊದಲ ಮೂರು ತಿಂಗಳು ಡಿಸ್ಕ್ರಿಮಿನೇಶನ್ ಮುಟ್ಟಬೇಡಿ. ಎಲ್ಲವನ್ನೂ ಕೇಳಿ, ಎಲ್ಲವನ್ನೂ ಅಗೆಯಿರಿ. ಕಬ್ಬಿಣವನ್ನು ಬಿಟ್ಟರೆ ಎತ್ತಿನ ಲಾಳ, ಗಾಡಿಯ ಕಡಾಣಿ, ನೇಗಿಲ ಕುಳದ ತುದಿ ಎಲ್ಲ ಹೋಯಿತಲ್ವಾ? ಹೊಲದ ಕತೆ ಹೇಳುವುದೇ ಅವು.

ಹೊಲದಲ್ಲಿ

ಕಾಯಿಲ್ ನೆಲಕ್ಕೆ ಎರಡು ಬೆರಳು ಮೇಲಿರಲಿ, ನೆಲಕ್ಕೆ ಸಮವಾಗಿರಲಿ. ತುದಿಗೆ ಹೋದಾಗ ಮೇಲೆ ಎತ್ತುವುದು ಹೊಸಬರ ಸಾಮಾನ್ಯ ತಪ್ಪು. ಒಂದು ಬೀಸಿನ ಮೇಲೆ ಅರ್ಧ ಹಾಯುವ ಹಾಗೆ ಮುಂದಿನ ಬೀಸು. ಕುಂಟೆ ಹೊಡೆದ ಹಾಗೆ ಸಾಲುಸಾಲಾಗಿ ನಡೆಯಿರಿ. ಇಡೀ ಎಕರೆ ಬೇಡ, ಹತ್ತು ಹೆಜ್ಜೆಗೆ ಹತ್ತು ಹೆಜ್ಜೆಯ ಒಂದು ಚೌಕ ಒಂದು ಬೆಳಗಿಗೆ ಸಾಕು.

ಕೂಗು ಬಂದರೆ ಉದ್ದ, ಅಡ್ಡ ಎರಡೂ ದಿಕ್ಕಿನಿಂದ ಬೀಸಿ ನೋಡಿ. ಒಂದು ದಿಕ್ಕಿನಲ್ಲಿ ಕೂಗಿ ಇನ್ನೊಂದರಲ್ಲಿ ಒಡೆದ ದನಿ ಬಂದರೆ ಹೆಚ್ಚಾಗಿ ಮೊಳೆ. ಎರಡೂ ಕಡೆ ಒಂದೇ ಥರ ದುಂಡಗೆ ಕೇಳಿಸಿದರೆ ಕೂತುಕೊಳ್ಳಿ. ಎರಡು ಬೀಸು ಕೂಡುವ ಜಾಗವೇ ಗುರಿ. ಅದರ ನೆತ್ತಿಗೆ ಗುದ್ದಲಿ ಹಾಕಬೇಡಿ, ಒಂದು ಗೇಣು ಪಕ್ಕದಿಂದ ಬಗೆಯುತ್ತಾ ಬನ್ನಿ. ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿ. ಸಿಕ್ಕಿದ ಮೇಲೂ ಗುಂಡಿಯನ್ನು ಇನ್ನೊಮ್ಮೆ ನೋಡಿ, ಎರಡನೆಯದು ಇರುವುದುಂಟು. ಆಮೇಲೆ ಮಣ್ಣು ವಾಪಸ್ ತುಂಬಿ, ತುಳಿದು, ಮೊದಲಿದ್ದ ಹಾಗೆ ಮಾಡಿ. ಹುಲ್ಲು ಇರುವ ಕಡೆ ಮೂರು ಬದಿ ಕೊಯ್ದು, ಒಂದು ಬದಿ ಬಿಟ್ಟು, ಮುಚ್ಚಳದ ಹಾಗೆ ಎತ್ತಿ, ಹಾಗೇ ಮುಚ್ಚಿ. ಬಿಟ್ಟ ಗುಂಡಿಗೆ ಎತ್ತಿನ ಕಾಲು ಸಿಕ್ಕಿ ಮುರಿದರೆ ಆ ಪಾಪಕ್ಕೆ ಪರಿಹಾರ ಇಲ್ಲ.

ಏನು ಸಿಗುತ್ತದೆ ಅಂತ ಕೇಳಿದರೆ, ನನ್ನ ಚೀಲದಲ್ಲಿ ಜಾಸ್ತಿ ಇರುವುದು ಅಲ್ಯೂಮಿನಿಯಂ ಪೈಸೆಗಳು. ಆರು ಮೂಲೆಯ ಮೂರು ಪೈಸೆ (ಇದು 1964ರಲ್ಲಿ ಬಂದದ್ದು), ಚೌಕದ ಐದು ಪೈಸೆ, ಅಲೆಅಲೆ ಅಂಚಿನ ಹತ್ತು ಪೈಸೆ. ಎರೆಮಣ್ಣಿನಲ್ಲಿ ಅವು ಬಿಳಿ ಪುಡಿ ಬಿಟ್ಟು ತಿಂದುಹೋಗಿರುತ್ತವೆ, ಮಸಾರಿಯಲ್ಲಿ ಚೆನ್ನಾಗಿರುತ್ತವೆ. 1968ರಲ್ಲಿ ಬಂದ ಕಮಲದ ಚಿತ್ರದ ಹಿತ್ತಾಳೆ ಇಪ್ಪತ್ತು ಪೈಸೆ ಸಿಕ್ಕರೆ ಹಬ್ಬ. ಯುದ್ಧಕಾಲದಲ್ಲಿ, 1943ರಿಂದ 1947ರವರೆಗೆ ಟಂಕಿಸಿದ ತೂತು ಕಾಸು ಒಂದೊಂದು ಬರುತ್ತದೆ. ಅದನ್ನು ದಾರಕ್ಕೆ ಪೋಣಿಸಿ ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ. ಅದಾದ ಮೇಲೆ ನೂರು ನಯಾಪೈಸೆ. 'ನಯಾ' ಅನ್ನುವ ಮಾತು 1964ರಲ್ಲಿ ಬಿದ್ದುಹೋಯಿತು. ನಾಣ್ಯದ ಮೇಲೆ ಆ ಪದ ಇದ್ದರೆ ಕಾಲ ಅಲ್ಲೇ ಸಿಕ್ಕಿತು. ನಾಣ್ಯದಾಚೆ, ಕೋಡಿಗೆ ಹಾಕುವ ಹಿತ್ತಾಳೆ ಕೋಡಣಸು, ಗೆಜ್ಜೆ, ಬೀಗದ ಕೈ, ಸುಣ್ಣದ ಡಬ್ಬಿಯ ಮುಚ್ಚಳ.

ಬಾಟಲಿ ಅಗೆಯುವುದು

ಗಾಜು ಡಿಟೆಕ್ಟರ್‌ಗೆ ಕೇಳುವುದಿಲ್ಲ. ಇಲ್ಲಿ ಕಣ್ಣು, ಕಬ್ಬಿಣದ ಸರಳು, ಮತ್ತೆ ತಾಳ್ಮೆ. ತಿಪ್ಪೆ ಹುಡುಕಬೇಕು. ಇಂದಿನ ತಿಪ್ಪೆಯಲ್ಲ, ಅಜ್ಜಿ ಕಾಲದ ತಿಪ್ಪೆ. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಹಿತ್ತಲ ಮೂಲೆ, ಊರಾಚೆಯ ಖಾಸಗಿ ಹೊಲದ ತಗ್ಗು, ಹಳೇ ಖಾನಾವಳಿ ಅಥವಾ ಅಂಗಡಿ ಇದ್ದ ಜಾಗದ ಹಿಂಭಾಗ. ದಾವಣಗೆರೆಯ ಹಳೇ ಬಡಾವಣೆಗಳಲ್ಲಿ ಮಿಲ್ ಕಾಲದ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮಾಲೀಕರನ್ನು ಕೇಳಿ, ಪಾಯ ತೋಡುವ ಹಿಂದಿನ ಭಾನುವಾರ ಒಪ್ಪಿಗೆ ಪಡೆದರೆ ಸಾಕು.

ಸರಳು ನಾಲ್ಕು ಅಡಿ ಉದ್ದ, ಮೇಲೆ ಅಡ್ಡ ಹಿಡಿ, ತುದಿ ಮೊಂಡು. ಕಮ್ಮಾರರ ಹತ್ತಿರ ಮಾಡಿಸಿ. ನಿಧಾನ ಒತ್ತಿ. ಗಟ್ಟಿ ನೆಲದಲ್ಲಿ ನಿಲ್ಲುತ್ತದೆ, ತಿಪ್ಪೆಯಲ್ಲಿ ಬೆಣ್ಣೆಯೊಳಗೆ ಹೋದ ಹಾಗೆ ಇಳಿಯುತ್ತದೆ. ಕಲ್ಲಿಗೆ ತಾಗಿದರೆ ಮಂದವಾದ ಠಕ್, ಗಾಜಿಗೆ ತಾಗಿದರೆ ತೆಳುವಾದ ಕಿರ್. ಎಳೆದಾಗ ತುದಿಯಲ್ಲಿ ಬೂದಿ, ಇದ್ದಿಲು, ಕಪ್ಪು ಮಣ್ಣು ಅಂಟಿದ್ದರೆ ಜಾಗ ಸರಿ ಇದೆ.

ಅಗೆಯುವಾಗ ಪದರ ನೋಡುತ್ತಾ ಹೋಗಿ. ಮೇಲೆ ಪ್ಲಾಸ್ಟಿಕ್ ಚೀಲ, ಗುಟ್ಕಾ ಪ್ಯಾಕೆಟ್. ಪ್ಲಾಸ್ಟಿಕ್ ನಿಂತ ಕಡೆ ನಮ್ಮ ಕೆಲಸ ಶುರು. ಮಂಗಳೂರು ಹೆಂಚಿನ ಚೂರು ಬಂದರೆ ಅದು 1865ಕ್ಕಿಂತ ಹಿಂದಿನ ಪದರ ಆಗಲಾರದು, ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚು ಶುರುಮಾಡಿದ್ದೇ ಆ ವರ್ಷ. ಆದರೆ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನುಣುಪು ಮಡಕೆ ಚೂರು ಕಂಡರೆ ಅಲ್ಲೇ ನಿಲ್ಲಿಸಿ. ಬ್ರಹ್ಮಗಿರಿಯ ಸಮಾಧಿಗಳಲ್ಲಿ ಸಿಕ್ಕಿದ್ದು ಅಂಥ ಮಡಕೆಗಳೇ. ಆ ನೆಲ ನಮ್ಮದಲ್ಲ.

ಇಡೀ ಬಾಟಲಿ ಕಡಿಮೆ ಸಿಗುತ್ತದೆ ಅಂತ ಬೇಜಾರಾಗಬೇಡಿ. ನಮ್ಮ ಜನ ಬಾಟಲಿ ಎಸೆಯುತ್ತಿರಲಿಲ್ಲ. ಎಣ್ಣೆಗೆ, ಸೀಮೆಎಣ್ಣೆಗೆ ಇಟ್ಟುಕೊಳ್ಳುತ್ತಿದ್ದರು, ಇಲ್ಲವೇ ಗುಜರಿಗೆ ಹಾಕುತ್ತಿದ್ದರು. ತಿಪ್ಪೆಗೆ ಬಂದಿದ್ದು ಯಾರಿಗೂ ಬೇಡವಾದ ಇಂಕ್ ಶೀಷೆ, ಔಷಧದ ಶೀಷೆ, ಬಾಯಿ ಒಡೆದದ್ದು.

ನನಗೆ ತುಂಬ ಇಷ್ಟದ್ದು ಗೋಲಿ ಸೋಡಾ ಬಾಟಲಿಯ ಕತ್ತು. ದಪ್ಪ ಗಾಜು, ತಿಳಿ ಹಸಿರು. ಮರಳಿನಲ್ಲಿರುವ ಕಬ್ಬಿಣದಿಂದ ಆ ಬಣ್ಣ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಗುಳ್ಳೆಗಳು. ಬಾಯಿಯೊಳಗೆ ರಬ್ಬರ್ ಉಂಗುರ ಕೂರುವ ಗೆರೆ, ಅದರ ಕೆಳಗೆ ಬೆರಳಲ್ಲಿ ಚಿವುಟಿದಂತೆ ಎರಡು ಗುಳಿ. ಕುಡಿಯುವಾಗ ಗೋಲಿ ಬಾಯಿಗೆ ಅಡ್ಡ ಬರದೆ ಆ ಗುಳಿಯಲ್ಲಿ ನಿಲ್ಲುತ್ತಿತ್ತು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲೆಂಡಿನವರು ಪೇಟೆಂಟ್ ಪಡೆದ ಉಪಾಯ ಅದು. ಕತ್ತು ಸಿಕ್ಕರೂ ಗೋಲಿ ಮಾತ್ರ ಸಿಗುವುದಿಲ್ಲ. ಯಾಕಂದರೆ ಆ ಗೋಲಿಗಾಗಿಯೇ ಹುಡುಗರು ಬಾಟಲಿ ಒಡೆಯುತ್ತಿದ್ದರು. ಗೋಲಿ ಬೇರೆಲ್ಲೋ, ಆಟ ಆಡಿದ ಅಂಗಳದಲ್ಲಿ, ಒಂಟಿಯಾಗಿ ಸಿಗುತ್ತದೆ.

ಬಾಟಲಿಯ ವಯಸ್ಸು

ಹೊರದೇಶದ ಪಟ್ಟಿಗಳಲ್ಲಿ ಒಂದು ಸೂತ್ರ ಇದೆ. ಅಚ್ಚಿನ ಗೆರೆ ಬಾಟಲಿಯ ಬಾಯಿಯ ತುದಿವರೆಗೂ ಹೋಗಿದ್ದರೆ ಯಂತ್ರದಲ್ಲಿ ಮಾಡಿದ್ದು, ಕತ್ತಿನಲ್ಲೇ ಮಾಯವಾದರೆ ಬಾಯಿಯನ್ನು ಕೈಯಲ್ಲಿ ತಿದ್ದಿದ್ದು. ಅಮೆರಿಕದಲ್ಲಿ ಓವೆನ್ಸ್ ಎಂಬವರ ಸ್ವಯಂಚಾಲಿತ ಯಂತ್ರ 1903ರಲ್ಲಿ ಬಂತು, ಅಲ್ಲಿ ಈ ಗೆರೆ ಒಳ್ಳೆಯ ಗುರುತು. ನಮ್ಮ ದೇಶದಲ್ಲಿ ಕೈಯಲ್ಲಿ ಊದಿ ಮಾಡುವುದು ಬಹಳ ಕಾಲ ನಡೆಯಿತು. ಹಾಗಾಗಿ ಗೆರೆಯಿಂದ ಮಾಡಿದ ರೀತಿ ತಿಳಿಯುತ್ತದೆ, ವರ್ಷ ಅಲ್ಲ. ಗೋಲಿ ಬಾಟಲಿಗಂತೂ ಸೂತ್ರವೇ ಹೊಂದುವುದಿಲ್ಲ. ಗೋಲಿ ಒಳಗೆ ಹಾಕಿದ ಮೇಲೆ ಬಾಯಿ ಬಿಗಿ ಮಾಡುವುದರಿಂದ ಗೆರೆ ಅಳಿಸಿಹೋಗುತ್ತದೆ.

ನಮಗೆ ಬರಹವೇ ಒಳ್ಳೆಯ ಸಾಕ್ಷಿ. ಔನ್ಸ್ ಲೆಕ್ಕ ಇದ್ದರೆ ಸ್ವಲ್ಪ ಹಳೆಯದು, ಮಿಲಿಲೀಟರ್ ಇದ್ದರೆ 1950ರ ದಶಕದ ಕೊನೆಯಲ್ಲಿ ಮೆಟ್ರಿಕ್ ಅಳತೆ ಬಂದ ಮೇಲಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಿದ್ದರೆ 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವ ಮುಂಚಿನದು. ಒಂದು ತಗಡಿನ ಡಬ್ಬಿಯ ಮುಚ್ಚಳ ಕೂಡ ಹೀಗೆ ಮಾತಾಡುತ್ತದೆ.

ಜೀವಕ್ಕೆ ಅಪಾಯ ಇರುವ ವಿಷಯಗಳು

ಈ ಭಾಗವನ್ನು ಎರಡು ಸಲ ಓದಿ.

ಕಾಡಂಚಿನ ಹೊಲಗಳಲ್ಲಿ ಕಾಡುಹಂದಿಗೆ ಅಂತ ಸಿಡಿಮದ್ದಿನ ಉಂಡೆ ಇಟ್ಟಿರುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ಇಡುತ್ತಾರೆ. ನಾಡುಮದ್ದಿನ ಆ ಉಂಡೆಯೊಳಗೆ ಕಲ್ಲಿನ ಚೂರು, ಲೋಹದ ಚೂರು ಇರಬಹುದು. ಕಲ್ಲುಕ್ವಾರಿ, ಗಣಿ ಹತ್ತಿರ ಸಿಡಿಯದೆ ಉಳಿದ ಡಿಟೊನೇಟರ್ ಬಿದ್ದಿರಬಹುದು: ಪೆನ್ನಿನ ರೀಫಿಲ್‌ಗಿಂತ ದಪ್ಪ, ಬೆರಳುದ್ದದ ಹೊಳೆಯುವ ಕೊಳವೆ, ಎರಡು ಬಣ್ಣದ ವೈರು. ಮುಟ್ಟಬೇಡಿ, ಕಾಯಿಲ್ ಪಕ್ಕಕ್ಕೆ ತೆಗೆದು ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು 112ಕ್ಕೆ ಕರೆ ಮಾಡಿ. ಕ್ವಾರಿ ಸುತ್ತ ಈ ಹವ್ಯಾಸವೇ ಬೇಡ.

ಗುಂಡಿ ಮೊಣಕಾಲು ದಾಟಬಾರದು. ತಿಪ್ಪೆಯ ಗೋಡೆಯನ್ನು ಕೆಳಗೆ ಕೊರೆದು ಬಾಟಲಿ ಎಳೆಯಲು ಹೋದರೆ ಮೇಲಿನ ಮಣ್ಣು ಕುಸಿಯುತ್ತದೆ. ಎದೆಮಟ್ಟ ಮಣ್ಣು ಬಿದ್ದರೆ ಉಸಿರಾಡಲು ಆಗುವುದಿಲ್ಲ. ಹಾಳು ಬಾವಿಗೆ ಇಳಿಯುವುದು ಸಾವಿಗೆ ಇಳಿದ ಹಾಗೆ, ತಳದಲ್ಲಿ ಗಾಳಿ ಇರುವುದಿಲ್ಲ.

ಧನುರ್ವಾಯು ಚುಚ್ಚುಮದ್ದು ಮೊದಲೇ ಹಾಕಿಸಿಕೊಳ್ಳಿ. ಒಮ್ಮೆ ಅವಸರದಲ್ಲಿ ಕೈಗವಸು ತೆಗೆದು ಮಣ್ಣು ಬಗೆದೆ. ಒಡೆದ ಬಾಟಲಿಯ ತಳ ಹೆಬ್ಬೆರಳ ಬುಡವನ್ನು ಸೀಳಿತು. ಐದು ಹೊಲಿಗೆ. ಚಳಿಗಾಲದಲ್ಲಿ ಈಗಲೂ ಆ ಜಾಗ ಜುಮ್ಮೆನ್ನುತ್ತದೆ. ಬಾಟಲಿಯೊಳಗೆ ದ್ರವ, ಪುಡಿ ಉಳಿದಿದ್ದರೆ ಮುಚ್ಚಳ ತೆರೆಯಬೇಡಿ, ಮೂಸಬೇಡಿ. ಕಡು ನೀಲಿ ಅಥವಾ ಮೈಮೇಲೆ ಏಣು ಇರುವ ಶೀಷೆಗಳನ್ನು ಹಿಂದೆ ವಿಷಕ್ಕೆ ಬಳಸುತ್ತಿದ್ದರು, ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ.

ಕಲ್ಲು ಎತ್ತುವ ಮೊದಲು ಗುದ್ದಲಿಯಿಂದ ಮಗುಚಿ. ಕೆಳಗೆ ಚೇಳು, ಗರಗಸ ಮಂಡಲ ಇರಬಹುದು. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಮಂತ್ರ ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ.

ಮನೆಗೆ ತಂದ ಮೇಲೆ

ಹುಣಸೆಹಣ್ಣು ಮುಟ್ಟಬೇಡಿ. ತಾಮ್ರದ ಚೊಂಬು ತಿಕ್ಕುವ ಕೈ ನಮ್ಮದು, ಹಸಿರು ಹಿಡಿದ ನಾಣ್ಯ ಕಂಡರೆ ಹುಣಸೆಹಣ್ಣು ಉಪ್ಪು ನೆನಪಾಗುತ್ತದೆ. ನಾನು ಒಂದು ತೂತು ಕಾಸನ್ನು ಹಾಗೆ ತಿಕ್ಕಿ ಫಳಫಳ ಮಾಡಿದೆ. ಕಿರೀಟದ ಗೆರೆಗಳು ಹಸಿರು ಪದರದಲ್ಲೇ ಉಳಿದಿದ್ದವು, ಪದರದ ಜೊತೆಗೇ ಹೋದವು. ಈಗ ಅದು ನುಣುಪಾದ ಬಿಲ್ಲೆ ಮಾತ್ರ. ನಾಣ್ಯವನ್ನು ಬರೀ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಎರಡು ಮೂರು ದಿನ ಬಿಡಿ. ಮಣ್ಣು ಮೆತ್ತಗಾದ ಮೇಲೆ ಬಿದಿರಿನ ಹಲ್ಲುಕಡ್ಡಿಯಿಂದ ಬಿಡಿಸಿ. ಅದಕ್ಕೂ ಬರದ್ದನ್ನು ಹಾಗೇ ಬಿಡಿ.

ಬಾಟಲಿಗೆ ಬಿಸಿನೀರು ಹಾಕಬೇಡಿ, ಬಿರುಕು ಬಿಡುತ್ತದೆ. ತಣ್ಣೀರಿನಲ್ಲಿ ಒಂದು ರಾತ್ರಿ ಇಟ್ಟು, ಒಳಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪು ನೀರು ಹಾಕಿ ಕುಲುಕಿ. ಒದ್ದೆಯಿದ್ದಾಗ ತಿಳಿಯಾಗಿ ಕಂಡು, ಒಣಗಿದ ಮೇಲೆ ಮಂಜು ಕವಿದಂತೆ ಅಥವಾ ಕಾಮನಬಿಲ್ಲಿನ ಬಣ್ಣದಂತೆ ಕಂಡರೆ ಅದು ಕೊಳೆಯಲ್ಲ. ತೇವದ ಮಣ್ಣಿನಲ್ಲಿ ಗಾಜಿನ ಮೇಲ್ಮೈ ಕರಗಿ ಆಗಿರುವುದು, ತೊಳೆದರೆ ಹೋಗುವುದಿಲ್ಲ. ನನಗೆ ಅದು ಹಾಗೇ ಚೆಂದ.

ಪ್ರತಿ ವಸ್ತುವನ್ನೂ ಬೇರೆ ಲಕೋಟೆಯಲ್ಲಿ ಹಾಕಿ. ಲಕೋಟೆ ಮೇಲೆ ಊರು, ಸರ್ವೆ ನಂಬರ್, ದಿನಾಂಕ, ಆಳ, ಪಕ್ಕದಲ್ಲಿ ಏನಿತ್ತು ಅಂತ ಬರೆಯಿರಿ. ಹಿರಿಯರು ಅದರ ಬಗ್ಗೆ ಏನಾದರೂ ಹೇಳಿದ್ದರೆ ಅವರ ಮಾತಿನಲ್ಲೇ ಬರೆಯಿರಿ, ಅದೇ ದಿನ. ಕಣದ ಆ ಗಂಟೆ ಸಿಕ್ಕ ದಿನ ನಾನು ಆಳ ಬರೆದೆ, ದಿನಾಂಕ ಬರೆದೆ. ಎರಡು ಎತ್ತಿನ ಹೆಸರಲ್ಲಿ ಒಂದು ಮಾತ್ರ ಬರೆದುಕೊಂಡಿದ್ದೇನೆ. ಇನ್ನೊಂದನ್ನು ಕೇಳಲು ಈ ಶೇಂಗಾ ಕಿತ್ತ ಮೇಲೆ ಮತ್ತೆ ಹೋಗಬೇಕು.